ಒಂದು ಭೋಗ್ಯದ ಮನೆ, ಹನ್ನೊಂದು ಹೆಣ್ಣುಮಕ್ಕಳು

ಹೊಡೆತ ತಾಳದೆ ಗಂಡನ ಮನೆ ಬಿಟ್ಟು ಬಂದವರು ಕೆಲವು ತಿಂಗಳು ಇರಲಿ ಅಂತ ಒಂದು ಮನೆ ಭೋಗ್ಯಕ್ಕೆ ಹಿಡಿಯಲು ಹೊರಟಾಗ, ದುಡ್ಡು ಮುಳುಗುತ್ತೆ ಅಂತ ಎಲ್ಲರೂ ಹೇಳಿದ್ದರು. ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ, ನಮ್ಮ ವಕೀಲರು, ಕೊನೆಗೆ ನಮ್ಮ ಮನೆಯವರೂ. ಈಗ ಮೂರು ವರ್ಷ ಆಗುತ್ತಾ ಬಂತು, ಮುಳುಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಊರಿನ ಹೆಸರು ಹಾಕುವುದಿಲ್ಲ. ಯಾಕೆ ಅಂತ ಈ ಕೆಲಸದಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೊಡೆತ ತಾಳದೆ ಬಂದವಳಿಗೆ ಡಿಐಆರ್ (ಮನೆಯಲ್ಲಿ ನಡೆದ ಹಿಂಸೆಯ ವರದಿ) ತುಂಬಿಸುವುದು, ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಕಲಮಿನಲ್ಲಿ ಕೋರ್ಟಿಗೆ ಅರ್ಜಿ ಹಾಕಿಸುವುದು ನಿಮಗೆಲ್ಲ ಕೈ ಪಳಗಿದ ಕೆಲಸ. ಆ ರಾತ್ರಿಗೆ ಸರ್ಕಾರದ ಸಖಿ ನೆರವು ಕೇಂದ್ರ ಇದೆ, ಐದು ದಿನ ದೂಡಬಹುದು. ಆರನೇ ದಿನ ಎಲ್ಲಿಗೆ? ಹೆಚ್ಚು ದಿನ ಇರಬಹುದಾದ ಸರ್ಕಾರಿ ಆಸರೆ ಮನೆ, ಶಕ್ತಿ ಸದನ, ಇರುವುದು ಜಿಲ್ಲಾ ಕೇಂದ್ರದಲ್ಲಿ. ಅಲ್ಲಿಗೆ ಹೋದರೆ ಗಾರ್ಮೆಂಟ್ಸ್ ಕೆಲಸ ಹೋಯಿತು, ಮಗುವಿನ ಶಾಲೆಯೂ ತಪ್ಪಿತು. ತವರಿಗೆ ಕಳಿಸಿದರೆ ಹದಿನೈದು ದಿನಕ್ಕೆ ಅಣ್ಣನೇ ಕರೆದುಕೊಂಡು ಹೋಗಿ ಗಂಡನ ಮನೆ ಬಾಗಿಲಲ್ಲಿ ಬಿಟ್ಟು ಬರುತ್ತಾನೆ.

ಕಾಯ್ದೆ ಚೆನ್ನಾಗಿಯೇ ಇದೆ. 19ನೇ ಕಲಮಿನಲ್ಲಿ ಗಂಡನಿಂದ ಬಾಡಿಗೆ ಕಟ್ಟಿಸಬಹುದು. ಮನೆ ಅತ್ತೆ-ಮಾವನ ಹೆಸರಲ್ಲಿದ್ದರೂ ಸೊಸೆ ಅಲ್ಲಿರುವ ಹಕ್ಕು ಕೇಳಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಆದರೆ ಕಾಯ್ದೆಯಲ್ಲಿರುವ 60 ದಿನದಲ್ಲಿ ಮುಗಿದ ಅರ್ಜಿಯನ್ನು ನಾನಂತೂ ನೋಡಿಲ್ಲ. ನನ್ನ ಕೈಯಲ್ಲಿ ಅತಿ ಬೇಗ ಮುಗಿದದ್ದಕ್ಕೇ ಏಳು ತಿಂಗಳು ಹಿಡಿಯಿತು. ಅಲ್ಲಿವರೆಗೆ ತಲೆ ಮೇಲೆ ಸೂರು ಬೇಕಲ್ವಾ?

ಬಾಡಿಗೆ ಅಂದರೆ ತಿಂಗಳು ತಿಂಗಳು ಯಾರ ಮುಂದಾದರೂ ಕೈ ಚಾಚಬೇಕು. ಭೋಗ್ಯವಾದರೆ ಒಂದೇ ಸಲ ಕೊಟ್ಟರಾಯಿತು, ಅವಧಿ ಮುಗಿದ ಮೇಲೆ ಅಷ್ಟೂ ವಾಪಸ್. ಒಂದೂವರೆ ಲಕ್ಷಕ್ಕೆ ಹೊರಟೆ. ಎರಡು ಸ್ತ್ರೀಶಕ್ತಿ ಸಂಘಗಳಿಂದ ಅರವತ್ತು ಸಾವಿರ, ನಿವೃತ್ತ ಟೀಚರ್ ಒಬ್ಬರಿಂದ ಐವತ್ತು. ಉಳಿದ ನಲವತ್ತಕ್ಕೆ ನನ್ನ ಎರಡು ಬಳೆ ಅಡ ಇಟ್ಟೆ.

ಮೊದಲನೆಯ ಮನೆಯಲ್ಲೇ ಮುಗ್ಗರಿಸಿದೆ. ಮಾಲೀಕ ಮಾತಿಗೆ ಸಕ್ಕರೆ. ಎರಡನೇ ತಿಂಗಳು ಬ್ಯಾಂಕಿನವರು ಬಂದು ಗೋಡೆಗೆ ನೋಟಿಸ್ ಅಂಟಿಸಿ ಹೋದರು. ಮನೆಪತ್ರ ಆಗಲೇ ಸಾಲಕ್ಕೆ ಹೋಗಿತ್ತು. ಒಳಗಿದ್ದವಳು ಎರಡು ಮಕ್ಕಳ ತಾಯಿ. ನೋಟಿಸ್ ನೋಡಿ, "ಅಕ್ಕ, ಇಲ್ಲಿಂದಾನೂ ಹೊರಗೆ ಹಾಕ್ತಾರಾ?" ಅಂದಳು. ದುಡ್ಡು ವಾಪಸ್ ಬರಲು ಆರೇಳು ತಿಂಗಳು ಹಿಡಿಯಿತು, ಅದೂ ಹದಿನೆಂಟು ಸಾವಿರ ಕಮ್ಮಿ. ಅದನ್ನು ನನ್ನ ಕೈಯಿಂದಲೇ ತುಂಬಿದೆ. ಈಗ ಇಸಿ (ಆಸ್ತಿಯ ಮೇಲೆ ನೋಂದಾಯಿತ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ) ತೆಗೆಸುತ್ತೇನೆ. ಅದೊಂದೇ ಸಾಲದು, ಮೂಲ ಪತ್ರ ಕಣ್ಣಲ್ಲಿ ನೋಡದೆ ಒಂದು ರೂಪಾಯಿಯೂ ಬಿಚ್ಚುವುದಿಲ್ಲ. "ಪತ್ರ ಊರಲ್ಲಿದೆ" ಅಂದರೆ ಅದು ಬ್ಯಾಂಕಲ್ಲಿದೆ ಅಂತಲೇ ಅರ್ಥ.

ಎರಡನೆಯದು ಒಬ್ಬ ಅಜ್ಜಿಯ ವಠಾರ. ಐದು ಮನೆ, ಒಂದೇ ಗೇಟು, ಗೇಟಿನ ಪಕ್ಕದಲ್ಲೇ ಅಜ್ಜಿ. "ಗಂಡ ಇಲ್ಲದವಳನ್ನ ಇಟ್ಕೊಂಡ್ರೆ ಜನ ಏನಂತಾರಮ್ಮ?" ಅಂತ ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ಒಪ್ಪಿದರು. ಏನು ಹೇಳಿ ಒಪ್ಪಿಸಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬೇಕಾದವರು ಎದುರಿಗೆ ಸಿಕ್ಕಾಗ ಕೇಳಿ. ಕರಾರು ನನ್ನ ಹೆಸರಲ್ಲೇ ಇದೆ. ಇರುವವಳ ಹೆಸರು ಎಲ್ಲೂ ಬರುವುದಿಲ್ಲ.

ಆದರೂ ಒಬ್ಬ ಗಂಡ ಒಂಬತ್ತನೇ ದಿನ ಗೇಟಿಗೆ ಬಂದ. ನಮ್ಮವರೇ ಯಾರೋ ಬಾಯಿ ಬಿಟ್ಟಿದ್ದಾರೆ ಅಂತ ನಾನು ಎಲ್ಲರ ಮೇಲೂ ಹಾರಾಡಿದೆ. ಆಮೇಲೆ ನೋಡಿದರೆ ಅವಳ ಮೊಬೈಲಲ್ಲಿದ್ದ ಜೀಮೇಲ್ ಅವನೇ ಮಾಡಿಕೊಟ್ಟದ್ದು, ಪಾಸ್‌ವರ್ಡೂ ಅವನದೇ. ತನ್ನ ಫೋನಲ್ಲಿ ಕೂತಲ್ಲೇ ಮ್ಯಾಪ್ ನೋಡುತ್ತಿದ್ದ. ಈಗ ಬಂದ ದಿನವೇ ಹಳೇ ಫೋನು ಆಫ್. ಹೊಸ ಸಿಮ್ಮು, ಎಂಟುನೂರರ ಕೀಪ್ಯಾಡ್ ಸೆಟ್ಟು. ಹಳೇ ಫೋನನ್ನು ಒಡೆಯುವುದಿಲ್ಲ, ಅವನು ಕಳಿಸಿದ ಮೆಸೇಜುಗಳು ಕೋರ್ಟಿಗೆ ಬೇಕು. ಗ್ಯಾಸ್ ವಿಳಾಸ ಬದಲಾಯಿಸಲೂ ಹೋಗಬೇಡಿ, ಆ ಮೆಸೇಜು ಅವನ ನಂಬರಿಗೇ ಹೋಗುತ್ತೆ. 5 ಕೆಜಿಯ ಚಿಕ್ಕ ಸಿಲಿಂಡರಿಗೆ ಗುರುತಿನ ಚೀಟಿ ಸಾಕು, ವಿಳಾಸದ ದಾಖಲೆ ಕೇಳುವುದಿಲ್ಲ. ಸರ್ಕಾರಿ ಅಥವಾ ಅನುದಾನಿತ ಶಾಲೆಯವರು ಟಿಸಿ ಕೇಳಿದರೆ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 5ನೇ ಕಲಮು ತೋರಿಸಿ, ಎಂಟನೇ ತರಗತಿವರೆಗೆ ಟಿಸಿ ತಡವಾಯಿತು ಅಂತ ದಾಖಲಾತಿ ನಿಲ್ಲಿಸುವಂತಿಲ್ಲ.

ಇನ್ನು ಬಾಗಿಲು. ಬೀಗ ಎಷ್ಟೇ ದೊಡ್ಡದಿರಲಿ, ಒದ್ದರೆ ಕಿತ್ತು ಬರುವುದು ಚಿಲಕದ ಸ್ಕ್ರೂ. ಬಿಚ್ಚಿ ನೋಡಿದರೆ ಅರ್ಧ ಇಂಚು, ಮರ ಬೇರೆ ಪುಡಿಪುಡಿ. ಹಳೇ ತೂತಿಗೆ ಬಿದಿರಿನ ಚಕ್ಕೆಗೆ ಫೆವಿಕಾಲ್ ಹಚ್ಚಿ ಬಡಿಸಿ, ಎರಡು ಇಂಚಿನ ಸ್ಕ್ರೂ ಹಾಕಿಸಿದೆ. ಒಳಗೆ ಮೇಲೊಂದು ಕೆಳಗೊಂದು ಕಬ್ಬಿಣದ ಅಗುಳಿ. ಬಡಗಿ ಕೂಲಿಯೂ ಸೇರಿ ಏಳುನೂರು ದಾಟಲಿಲ್ಲ. ಆಮೇಲೆ ಇನ್ನೊಬ್ಬ ಕುಡಿದು ಬಂದು ಒದ್ದ. ಬಾಗಿಲು ಜಗ್ಗಲಿಲ್ಲ, ಅಷ್ಟರಲ್ಲಿ 112ರ ಪೊಲೀಸರು ಬಂದರು. ಅವತ್ತು ನನಗೆ ಸ್ವಲ್ಪ ಜಂಬ ಬಂದಿದ್ದು ನಿಜ.

ನಡುವೆ ಸೀಟಿ ಹಂಚಿ ನೋಡಿದೆ. ಮಕ್ಕಳು ಊದಿ ಊದಿ ಅಜ್ಜಿ ರೇಗಿಬಿಟ್ಟರು. ಕಿಟಕಿಗೆ ಕೆಂಪು ಟವೆಲ್ ಕಟ್ಟುವ ಗುರುತೂ ಇತ್ತು. ಬಟ್ಟೆ ಒಗೆದ ದಿನವೆಲ್ಲ ನಾನು ಸುಮ್ನೆ ಓಡಿದ್ದೇ ಬಂತು. ಈಗ ಇರುವ ಗುರುತು ಬೇರೆ. ಅದು ನಮ್ಮಲ್ಲೇ ಇರಲಿ.

ಇಲ್ಲಿವರೆಗೆ ಬಂದ ಹನ್ನೊಂದು ಜನರಲ್ಲಿ ಒಬ್ಬೊಬ್ಬರು ಎರಡು, ಮೂರು ತಿಂಗಳು ಇದ್ದರು. ಹೊರಡುವಾಗ ಬೇರೆ ಮನೆಯ ಅಡ್ವಾನ್ಸಿಗೆ ಅಂತ ಏಳು ಜನರಿಗೆ ತಲಾ ಹತ್ತು ಸಾವಿರ ಸಂಘದಿಂದ ಕೊಡಿಸಿದೆ, ತಿಂಗಳಿಗೆ ಐನೂರರಂತೆ ವಾಪಸ್. ಇಬ್ಬರು ತೀರಿಸಿಯಾಯಿತು, ನಾಲ್ವರು ತಪ್ಪದೆ ಕಟ್ಟುತ್ತಿದ್ದಾರೆ. ಕಟ್ಟದ ಒಬ್ಬಳು ಗಂಡನ ಹತ್ತಿರ ವಾಪಸ್ ಹೋದವಳು. ಅವಳನ್ನು ಕೇಳಲು ಹೋಗಿಲ್ಲ. ನನ್ನ ನಂಬರ್ ಅವಳ ಹತ್ತಿರ ಇರುವುದೇ ಜಾಸ್ತಿ ಮುಖ್ಯ.

ಮುಂದಿನ ಯುಗಾದಿಗೆ ಕರಾರು ಮುಗಿಯುತ್ತೆ. ಮೊನ್ನೆ ಅಜ್ಜಿ ಎರಡು ಲಕ್ಷ ಅಂದರು. ಜೊತೆಗೆ, "ಮುಂದಿನವಳು ಯಾವಾಗ ಬರ್ತಾಳೆ? ಮನೆ ಖಾಲಿ ಬಿಟ್ರೆ ಗೆದ್ದಲು ಹಿಡಿಯುತ್ತೆ" ಅಂತಲೂ ಕೇಳಿದರು. ಒಂದು ಎಂಬತ್ತಕ್ಕೆ ಇಳಿಸಬಹುದು ಅಂತ ನನ್ನ ಲೆಕ್ಕ. ಬಳೆ ಇನ್ನೂ ಬಿಡಿಸಿಲ್ಲ.