ಅಮೆರಿಕದಲ್ಲಿ ಫೋನ್ ನಂಬರ್ ಕೊಡುವ ಮುನ್ನ

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬರುವ ನಮ್ಮವರು ಓಟಿಪಿ ವಂಚನೆ, ನಕಲಿ ಬ್ಯಾಂಕ್ ಕರೆಗಳ ವಿಷಯದಲ್ಲಿ ಊರಿನಲ್ಲಿಯೇ ಪಳಗಿರುತ್ತಾರೆ. ಅವರು ಸಿಕ್ಕಿಬೀಳುವುದು ಕಾನೂನಿನ ಒಳಗೇ ಇರುವ ಬಲೆಯೊಂದರಲ್ಲಿ, ಅದೂ ಹೆಚ್ಚಾಗಿ ಕಾರು ಕೊಂಡ ವಾರದಲ್ಲಿ.

ಅಗ್ಗದ ಕಾರು ವಿಮೆ ಹುಡುಕಿದಾಗ ಮೇಲೆ ಕಾಣುವ ತಾಣಗಳಲ್ಲಿ ಕೆಲವು ವಿಮೆಯನ್ನೇ ಮಾರುವುದಿಲ್ಲ. ದರ ಹೋಲಿಸಿ ಕೊಡುತ್ತೇವೆಂದು ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಫೋನ್ ನಂಬರುಗಳನ್ನು ತುಂಬಿಸಿಕೊಂಡು, ಆ ಮಾಹಿತಿಯನ್ನು ಹಲವು ಏಜೆಂಟರಿಗೆ ಮಾರುತ್ತವೆ. ಕೊನೆಯ ಪುಟದ ಗುಂಡಿಯ ಬಳಿ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ, ಈ ಗುಂಡಿ ಒತ್ತಿದರೆ ನಮ್ಮ ‘ಮಾರ್ಕೆಟಿಂಗ್ ಪಾರ್ಟ್‌ನರ್’ಗಳು ಸ್ವಯಂಚಾಲಿತ ಯಂತ್ರದಿಂದ ಕರೆ ಮಾಡಲು ನೀವು ಒಪ್ಪಿದಂತೆ ಎಂದು ಬರೆದಿರುತ್ತದೆ. ಆ ಒಂದು ಕ್ಲಿಕ್ ಇಲ್ಲಿ ಸಹಿಗೆ ಸಮ. ಟೆಲಿಮಾರ್ಕೆಟಿಂಗ್ ಕರೆಗಳನ್ನು ತಡೆಯುವ ‘ಡು ನಾಟ್ ಕಾಲ್’ ಪಟ್ಟಿಯಲ್ಲಿ ನಂಬರ್ ನೋಂದಾಯಿಸಿದ್ದರೂ, ನೀವೇ ಕೊಟ್ಟ ಲಿಖಿತ ಒಪ್ಪಿಗೆಯ ಮುಂದೆ ಅದು ನಿಲ್ಲುವುದಿಲ್ಲ.

ಫ್ರೀಮಾಂಟ್‌ನಲ್ಲಿ ನೆಲೆಸಿದ ಹಾಸನದ ಯುವಕನೊಬ್ಬ ರಾತ್ರಿ ಇಂಥ ಫಾರಂ ತುಂಬಿ ಮಲಗಿದ. ಬೆಳಗಾಗುವುದರೊಳಗೆ ಫೋನ್ ಬಡಿದುಕೊಳ್ಳಲು ಶುರುವಾಯಿತು. ಬೇಸತ್ತು ಅಪರಿಚಿತ ಕರೆಗಳನ್ನೆಲ್ಲ ತೆಗೆಯುವುದನ್ನೇ ಬಿಟ್ಟಾಗ, ಗರ್ಭಿಣಿ ಪತ್ನಿಯ ತಪಾಸಣೆಯ ಸಮಯ ಬದಲಾಗಿದೆಯೆಂದು ಆಸ್ಪತ್ರೆಯಿಂದ ಬಂದ ಕರೆಯೂ ತಪ್ಪಿಹೋಯಿತು. ಕೊನೆಗೆ ನಂಬರನ್ನೇ ಬದಲಿಸಿ, ಬ್ಯಾಂಕ್, ಕಚೇರಿ, ಮನೆ ಮಾಲೀಕರು ಹೀಗೆ ಎಲ್ಲೆಡೆ ಹೊಸ ನಂಬರ್ ಕೊಡುತ್ತ ವಾರಗಳೇ ಕಳೆದವು. ನಂಬರ್ ಬದಲಿಸುವ ಅಗತ್ಯವೇ ಇರಲಿಲ್ಲ: ಕರೆ ತೆಗೆದು ಒಪ್ಪಿಗೆಯನ್ನು ಹಿಂಪಡೆದಿದ್ದೇನೆಂದು ಸ್ಪಷ್ಟವಾಗಿ ಹೇಳಿದರೆ, ಇಲ್ಲವೇ ಸಂದೇಶಕ್ಕೆ ‘ಸ್ಟಾಪ್’ ಎಂದು ಉತ್ತರಿಸಿದರೆ, ಆ ಸಂಸ್ಥೆ ಹತ್ತು ಕೆಲಸದ ದಿನಗಳೊಳಗೆ ನಿಲ್ಲಿಸಬೇಕು. ಮಾಹಿತಿ ಕೊಂಡವರು ಹಲವರಾದ್ದರಿಂದ ಒಬ್ಬೊಬ್ಬರಿಗೂ ಹೇಳಬೇಕಾಗುತ್ತದೆ ಎಂಬುದು ಮಾತ್ರ ಕಹಿಸತ್ಯ.

ಆದ್ದರಿಂದ ವಿಮಾ ಕಂಪನಿಯ ಸ್ವಂತ ತಾಣದಲ್ಲೇ ದರ ಕೇಳಿ, ಇಲ್ಲವೇ ನೀವಿರುವ ಊರಿನಲ್ಲಿ ಪರವಾನಗಿ ಪಡೆದ ಏಜೆಂಟರ ಕಚೇರಿಗೆ ನೇರವಾಗಿ ಹೋಗಿ.

ಅಮೆರಿಕದಲ್ಲಿ ಖಾಸಗಿತನಕ್ಕೆ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಸಮಗ್ರ ಕಾನೂನಿಲ್ಲ. ಆರೋಗ್ಯಕ್ಕೊಂದು, ಬ್ಯಾಂಕಿಗೊಂದು, ಮಕ್ಕಳಿಗೊಂದು ಕಾಯ್ದೆ, ಉಳಿದದ್ದು ರಾಜ್ಯಗಳ ಪಾಲು. ನೀವು ಬೇಡವೆನ್ನುವವರೆಗೂ ಮಾಹಿತಿ ಮಾರಬಹುದೆಂಬುದೇ ಇಲ್ಲಿನ ಸಾಮಾನ್ಯ ನಿಯಮ. ಭಾರತದಲ್ಲಾದರೆ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಮೊದಲೇ ಕೇಳಬೇಕೆನ್ನುತ್ತದೆ. ತತ್ವದಲ್ಲಿ ನಮ್ಮದೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಕೈಗೆ ಸಿಗುವ ಸಾಧನದಲ್ಲಿ ಕ್ಯಾಲಿಫೋರ್ನಿಯಾ ಮುಂದಿದೆ. ಜನರ ಮಾಹಿತಿಯನ್ನು ಕೂಡಿಹಾಕಿ ಮಾರುವ, ರಾಜ್ಯದಲ್ಲಿ ನೋಂದಾಯಿಸಿದ ಡೇಟಾ ಬ್ರೋಕರ್‌ಗಳೆಲ್ಲರಿಗೂ ಒಂದೇ ಅರ್ಜಿಯಲ್ಲಿ ‘ಅಳಿಸಿ’ ಎಂದು ಹೇಳುವ ‘ಡ್ರಾಪ್’ ಎಂಬ ಸರ್ಕಾರಿ ತಾಣ 2026ರ ಜನವರಿಯಿಂದ ತೆರೆದಿದೆ. ಅದಕ್ಕೆ ಪೌರತ್ವ ಬೇಕಿಲ್ಲ; ಆ ರಾಜ್ಯದ ನಿವಾಸಿಯಾಗಿದ್ದರೆ ಸಾಕು, ಎಚ್-1ಬಿ ವೀಸಾದಲ್ಲಿ ನೆಲೆಸಿದವರಿಗೂ ಈ ಹಕ್ಕಿದೆ. ನೀವೇ ನೇರವಾಗಿ ಮಾಹಿತಿ ಕೊಟ್ಟ ಕಂಪನಿಗಳಿಗೆ ಮಾತ್ರ ಈ ಅರ್ಜಿ ತಲುಪುವುದಿಲ್ಲ. ಅವಕ್ಕೆ ಪ್ರತ್ಯೇಕವಾಗಿ ಬರೆಯಬೇಕು. ರಾಜ್ಯದ ಖಾಸಗಿತನ ಕಾನೂನಿಗೆ ಒಳಪಡುವ ಕಂಪನಿ ಸಾಮಾನ್ಯವಾಗಿ 45 ದಿನಗಳಲ್ಲಿ ಉತ್ತರಿಸಲೇಬೇಕು.