ಸೆಬಿ ಈಗ ಮೊದಲು ಕೇಳುವ ದಾಖಲೆ: ನಾನು ಎಸ್‌ಡಿಡಿ ಇಡುವ ಬಗೆ

ಇನ್‌ಸೈಡರ್ ಟ್ರೇಡಿಂಗ್ (ಕಂಪನಿಯ ಗುಟ್ಟಿನ ಮಾಹಿತಿ ಇಟ್ಟುಕೊಂಡು ಷೇರು ವ್ಯವಹಾರ ಮಾಡುವುದು) ವಿಷಯದಲ್ಲಿ ಷೇರುಪೇಟೆ ನಿಯಂತ್ರಕ ಸೆಬಿಯ ಗಮನ ಷೇರು ಮಾರಿದವರ ಮೇಲಷ್ಟೇ ಇಲ್ಲ. ಗುಟ್ಟಿನ ಮಾಹಿತಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದರ ಮೇಲೂ ಇದೆ. 2015ರ ನಿಯಮಾವಳಿಗೆ 2019ರ ಏಪ್ರಿಲ್‌ನಿಂದ ಸೇರಿದ ಡಿಜಿಟಲ್ ದಾಖಲೆಯ (ಸ್ಟ್ರಕ್ಚರ್ಡ್ ಡಿಜಿಟಲ್ ಡೇಟಾಬೇಸ್, ಅಂದರೆ ಎಸ್‌ಡಿಡಿ) ಷರತ್ತು ಅದಕ್ಕಾಗಿಯೇ. ಯಾರೂ ಒಂದು ಷೇರನ್ನೂ ಮಾರದಿದ್ದರೂ, ದಾಖಲೆ ಇಲ್ಲದಿದ್ದರೆ ಅದೇ ಉಲ್ಲಂಘನೆ.

ಕಂಪ್ಲಯನ್ಸ್ (ನಿಯಮಪಾಲನೆ) ಕೆಲಸದಲ್ಲಿ ನಾನು ಪಾಲಿಸುವ ಕ್ರಮ ಹೀಗಿದೆ. ವಿಲೀನದ ಮಾತುಕತೆ ಎಂದಿಟ್ಟುಕೊಳ್ಳಿ. ಸಿಎಫ್‌ಒ ಮೌಲ್ಯಮಾಪಕರಿಗೆ ಕರಡು ಕಳುಹಿಸಿದ ಹೊತ್ತಿಗೇ ನಮೂದು ಆಗಬೇಕು: ಮಾಹಿತಿ ಯಾವುದು, ಕೊಟ್ಟವರು ಯಾರು, ಪಡೆದವರು ಯಾರು, ಅವರ ಪ್ಯಾನ್ ಏನು. ಸಮಯವನ್ನು ತಂತ್ರಾಂಶವೇ ಹಾಕುತ್ತದೆ. ಪಡೆದವರಿಗೆ ಗೋಪ್ಯತೆಯ ನೋಟಿಸೂ ಅಂದೇ ಹೋಗಬೇಕು. ವಕೀಲರ ಸಂಸ್ಥೆಯಾದರೆ ಸಂಸ್ಥೆಯ ಹೆಸರಷ್ಟೇ ಬರೆದು ಬಿಡುವುದಿಲ್ಲ. ಕಡತ ನೋಡುವ ವ್ಯಕ್ತಿಯ ಪ್ಯಾನ್ ಕೇಳಿ ಪಡೆಯುತ್ತೇನೆ. ಕೊಡಲು ಹಿಂಜರಿಯುವವರಿಗೆ ಕಡತ ಹೋಗುವುದಿಲ್ಲ. ಇದರಲ್ಲಿ ದಾಕ್ಷಿಣ್ಯ ಸಲ್ಲದು.

ಹೆಚ್ಚಿನವರು ಎಡವುವುದು ತಡದಲ್ಲಿ. ತಿಂಗಳುಗಟ್ಟಲೆ ನಡೆದ ವ್ಯವಹಾರದ ನಮೂದುಗಳನ್ನೆಲ್ಲ ಬೋರ್ಡ್ ಸಭೆಯ ಹಿಂದಿನ ದಿನ ಒಟ್ಟಿಗೆ ತುಂಬುತ್ತಾರೆ. ಆಗ ಟೈಮ್‌ಸ್ಟ್ಯಾಂಪೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ. ಎಕ್ಸೆಲ್ ಕಡತವೂ ನಡೆಯದು: ಯಾರು ಯಾವಾಗ ತಿದ್ದಿದರು ಎಂಬ ಜಾಡು ಅದರಲ್ಲಿ ಉಳಿಯುವುದಿಲ್ಲ. ತಂತ್ರಾಂಶ ಕೊಳ್ಳಬಹುದು, ಆದರೆ ನಿರ್ವಹಣೆ ಕಂಪನಿಯೊಳಗೇ ಇರಬೇಕು. ವ್ಯವಹಾರ ಮುಗಿದ ಮೇಲೂ ಕನಿಷ್ಠ 8 ವರ್ಷ ದಾಖಲೆ ಕಾಪಾಡಬೇಕು.

2025ರ ಜೂನ್ 10ರಿಂದ ಗುಟ್ಟಿನ ಮಾಹಿತಿಯ ವ್ಯಾಖ್ಯೆ ಹಿಗ್ಗಿದೆ. ಕಂಪನಿಯ ಹೊರಗಿನಿಂದ ಬಂದ ಮಾಹಿತಿಗೆ ಮಾತ್ರ, ಕೈಸೇರಿದ ಮೇಲೆ ಎರಡು ದಿನಗಳೊಳಗೆ ನಮೂದಿಸುವ ಸಡಿಲಿಕೆ ಸಿಕ್ಕಿದೆ. ರಜೆಯ ದಿನವೂ ಆ ಲೆಕ್ಕಕ್ಕೆ ಸೇರುತ್ತದೆ. ಒಳಗೆ ಹುಟ್ಟಿದ ಮಾಹಿತಿಗೆ ಈ ಬಿಡುವು ಇಲ್ಲ.

ತ್ರೈಮಾಸಿಕ ಮುಗಿದಂದಿನಿಂದ ಫಲಿತಾಂಶ ಪ್ರಕಟವಾಗಿ 48 ಗಂಟೆ ಕಳೆಯುವವರೆಗೆ ಟ್ರೇಡಿಂಗ್ ವಿಂಡೋ ಮುಚ್ಚಿರುತ್ತದೆ, ಅಂದರೆ ಒಳಗಿನವರು ಕಂಪನಿಯ ಷೇರು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಆ ಅವಧಿಯಲ್ಲಿ ರಿಜಿಸ್ಟ್ರಾರ್ (ಷೇರುದಾರರ ದಾಖಲೆ ಇಡುವ ಸಂಸ್ಥೆ) ಕಳುಹಿಸುವ ವಾರದ ಷೇರುದಾರರ ಪಟ್ಟಿಯನ್ನು ಎಸ್‌ಡಿಡಿಯ ಪ್ಯಾನ್‌ಗಳ ಜೊತೆ ತಾಳೆ ಹಾಕುತ್ತೇನೆ. ಯಾರದ್ದಾದರೂ ಷೇರು ಸಂಖ್ಯೆ ಏರುಪೇರಾಗಿದ್ದರೆ ಲಿಖಿತ ವಿವರಣೆ ಕೇಳುತ್ತೇನೆ. ಕಂಪನಿಯ ನೀತಿ ಸಂಹಿತೆಯ ಉಲ್ಲಂಘನೆ ಖಚಿತವಾದರೆ ಸ್ಟಾಕ್ ಎಕ್ಸ್‌ಚೇಂಜ್‌ಗೆ ತಡಮಾಡದೆ ತಿಳಿಸಬೇಕು. ತಪ್ಪಿತಸ್ಥರಿಂದ ವಸೂಲಾದ ಹಣ ಕಂಪನಿಯ ಖಾತೆಗಲ್ಲ, ಸೆಬಿಯ ಹೂಡಿಕೆದಾರರ ರಕ್ಷಣೆ ಮತ್ತು ಶಿಕ್ಷಣ ನಿಧಿಗೆ ಹೋಗುತ್ತದೆ.