ತಲೆಗೆ ಪೆಟ್ಟು ಬಿದ್ದ ಮಗುವಿಗೆ ನಾನು ಅಂಕ ಹಾಕುವ ಬಗೆ

ದಾವಣಗೆರೆಯಲ್ಲಿ ಮಕ್ಕಳ ವೈದ್ಯನಾದ ನನ್ನನ್ನು, ತಲೆಗೆ ಪೆಟ್ಟು ಬಿದ್ದ ಮಗುವನ್ನು ಕರೆತಂದವರು ಮೊದಲು ಕೇಳುವುದು ಸ್ಕ್ಯಾನ್ ಬೇಕೇ ಎಂದು. ರಕ್ತಸ್ರಾವ, ಮೂಳೆ ಮುರಿತದ ಅನುಮಾನವಿದ್ದರೆ ಬೇಕೇ ಬೇಕು. ಆದರೆ ಕನ್ಕಷನ್, ಅಂದರೆ ಪೆಟ್ಟಿನಿಂದ ಮಿದುಳಿನ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು, ಆದ ಮಗುವಿನ ತಲೆನೋವು, ಸುಸ್ತು ತಿಂಗಳ ನಂತರವೂ ಉಳಿಯುವುದೇ ಎಂಬುದಕ್ಕೆ ಸಿಟಿ ಸ್ಕ್ಯಾನ್‌ನಲ್ಲಿ ಉತ್ತರವಿಲ್ಲ. ಇದಕ್ಕೆ ನಾನು ನೆಚ್ಚಿಕೊಂಡಿರುವುದು, ಕೆನಡಾದ ಒಂಬತ್ತು ಮಕ್ಕಳ ತುರ್ತು ವಿಭಾಗಗಳಲ್ಲಿ 3,063 ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಂಡು ರೋಜರ್ ಜೆಮೆಕ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ 12 ಅಂಕಗಳ ಪಟ್ಟಿಯನ್ನು. ಅದು 5ರಿಂದ 17 ವರ್ಷದ, ಪೆಟ್ಟು ಬಿದ್ದು 48 ಗಂಟೆ ಮೀರದ ಮಕ್ಕಳಿಗೆ ಮಾತ್ರ. ಜಗಳೂರು ಕಡೆಯ ಹಳ್ಳಿಗಳಿಂದ ವಾರ ಕಳೆದು ಬರುವವರಿಗೆ ನಾನು ಅಂಕ ಹಾಕುವುದಿಲ್ಲ.

ಖೋ ಖೋ ಆಡುವಾಗ ಕಂಬಕ್ಕೆ ತಲೆ ಬಡಿದ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಲೆಕ್ಕ ಹೀಗಿತ್ತು: ವಯಸ್ಸು 13 ದಾಟಿದ್ದಕ್ಕೆ 2, ಹೆಣ್ಣಾಗಿದ್ದಕ್ಕೆ 2, ತಲೆನೋವಿಗೆ 1, ಸುಸ್ತಿಗೆ 2. ಶಬ್ದ ಸಹಿಸಲಾಗದಿರುವುದನ್ನು "ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆಯೇ" ಎಂದು ಕೇಳಿ ತಿಳಿದೆ, ಅದಕ್ಕೆ 1. ಮಾತಿಗೆ ನಿಧಾನವಾಗಿ ಉತ್ತರಿಸುವುದಕ್ಕೆ ಇನ್ನೊಂದು ಅಂಕವಿದೆ. ಇದನ್ನು ವಿಚಾರಿಸುವುದೇ ಕಷ್ಟ, ಏಕೆಂದರೆ ನಮ್ಮಲ್ಲಿ ಮಗುವಿಗಿಂತ ಮೊದಲು ಅಜ್ಜಿ ಉತ್ತರ ಕೊಟ್ಟಿರುತ್ತಾರೆ. ಕೊನೆಗೆ ಅವಳ ತಾಯಿಯೇ, "ಕರೆದ್ರೆ ಓ ಅಂತಾಳೆ ಸರ್, ಆದ್ರೆ ಏನ್ ಕೇಳಿದ್ರೂ ತಡ ಮಾಡಿ ಹೇಳ್ತಾಳೆ" ಎಂದರು. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ 20 ಸೆಕೆಂಡು ನಿಲ್ಲಿಸಿದಾಗ ನಾಲ್ಕು ಸಲ ತಪ್ಪಿದ್ದರೆ ಮತ್ತೊಂದು ಅಂಕ ಬರುತ್ತಿತ್ತು. ಅವಳು ಗಟ್ಟಿಯಾಗಿ ನಿಂತಳು. ಹಿಂದೆ ಕನ್ಕಷನ್ ಆಗಿ ವಾರವಿಡೀ ತೊಂದರೆ ಉಳಿದದ್ದೂ ಇಲ್ಲ. ಮೈಗ್ರೇನ್ ಅಂಕಕ್ಕೆ ವೈದ್ಯರು ಮೊದಲೇ ಗುರುತಿಸಿರಬೇಕು. ನಮ್ಮಲ್ಲಿ ಮಕ್ಕಳ ತಲೆನೋವು ಸಾಮಾನ್ಯವಾಗಿ ಅಮೃತಾಂಜನದಲ್ಲೇ ಮುಗಿದುಹೋಗುವುದರಿಂದ, ಇಲ್ಲಿ ಬರುವ ಸೊನ್ನೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಒಟ್ಟು 9. ತೊಂದರೆ ತಿಂಗಳ ನಂತರವೂ ಉಳಿಯುವ ಅಪಾಯ ಮೂರರವರೆಗೆ ಕಡಿಮೆ, ಎಂಟರವರೆಗೆ ಮಧ್ಯಮ, ಒಂಬತ್ತರಿಂದ ಹೆಚ್ಚು. ವೈದ್ಯರ ಬರಿಯ ಅಂದಾಜಿಗಿಂತ ಇದು ಮೇಲಾದರೂ ಭವಿಷ್ಯವಾಣಿಯೇನಲ್ಲ. ಅವಳಿಗೆ ಒಂದೆರಡು ದಿನ ಮಾತ್ರ ವಿಶ್ರಾಂತಿ, ಮೊಬೈಲ್ ಕಡಿಮೆ, ಆಮೇಲೆ ನಿಧಾನವಾಗಿ ನಡಿಗೆ ಎಂದು ಹೇಳಿ, ಪದೇ ಪದೇ ವಾಂತಿಯಾದರೆ, ಮಂಪರು ಹೆಚ್ಚಿದರೆ ಅಥವಾ ಫಿಟ್ಸ್ ಬಂದರೆ ರಾತ್ರಿಯಾದರೂ ಕರೆತರಲು ತಿಳಿಸಿದೆ. ಕಡಿಮೆ ಅಂಕದವರಿಗಿಂತ ಬೇಗನೆ, ಅಂದರೆ ವಾರದೊಳಗೇ, ಮತ್ತೆ ಬರಹೇಳಿದೆ. ಕಿರುಪರೀಕ್ಷೆಗಳನ್ನು ಮುಂದೂಡಬೇಕೆಂದೂ ನಾನು ಒಪ್ಪುವವರೆಗೆ ಆಟಕ್ಕೆ ಇಳಿಸಬಾರದೆಂದೂ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು ತಾಯಿಯ ಕೈಗೆ ಕೊಟ್ಟೆ.